ಜಾನ್ ಬ್ಯಾರಿಮೋರ್: ಅಭಿನಯದ ಹಿಂದಿನ ದುಡಿಮೆ

ಜಾನ್ ಬ್ಯಾರಿಮೋರ್ 1882ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹುಟ್ಟಿದರು. ಅವರದು ತಲೆಮಾರುಗಳಿಂದ ಬಣ್ಣ ಹಚ್ಚುತ್ತಿದ್ದ ಮನೆತನ. ತಾಯಿಯ ತಾಯಿ ಲೂಯಿಸಾ ಲೇನ್ ಡ್ರೂ ಆ ಊರಿನ ಆರ್ಚ್ ಸ್ಟ್ರೀಟ್ ಥಿಯೇಟರನ್ನು ಮೂರು ದಶಕಗಳ ಕಾಲ ತಾವೇ ನಿಂತು ನಡೆಸಿದ ಗಟ್ಟಿಗಿತ್ತಿ. ತಾಯಿ ಜಾರ್ಜಿಯಾನಾ ಹಾಸ್ಯಪಾತ್ರಗಳಿಗೆ ಹೆಸರಾದವರು. ತಂದೆ ಮಾರಿಸ್ 1849ರಲ್ಲಿ ಭಾರತದ ಆಗ್ರಾದಲ್ಲಿ ಹುಟ್ಟಿದವರು. ಹುಟ್ಟುಹೆಸರು ಹರ್ಬರ್ಟ್ ಬ್ಲೈಥ್, ಬ್ಯಾರಿಮೋರ್ ಎಂಬುದು ರಂಗಕ್ಕಾಗಿ ಇಟ್ಟುಕೊಂಡ ಹೆಸರು. ಅಣ್ಣ ಲಯೊನೆಲ್, ಅಕ್ಕ ಎಥೆಲ್ ಇಬ್ಬರೂ ಮುಂದೆ ದೊಡ್ಡ ನಟರಾದರು.

ಹೆಸರಾದ ಮನೆತನವಾದರೂ ಮಕ್ಕಳಿಗೆ ನೆಲೆ ಸಿಗಲಿಲ್ಲ. ತಾಯಿ 1893ರಲ್ಲಿ ಕ್ಷಯದಿಂದ ತೀರಿಕೊಂಡಾಗ ಜಾನ್‌ಗೆ 11 ವರ್ಷ. ಸಾಕಿದ ಅಜ್ಜಿ 1897ರಲ್ಲಿ ಹೋದರು. 1901ರಲ್ಲಿ ತಂದೆಗೆ ಬುದ್ಧಿ ಸ್ಥಿಮಿತ ತಪ್ಪಿತು. ನಾಲ್ಕು ವರ್ಷಗಳ ನಂತರ ಅವರು ಮಾನಸಿಕ ಚಿಕಿತ್ಸಾಲಯದಲ್ಲೇ ಕೊನೆಯುಸಿರೆಳೆದರು. ತಂದೆಗೆ ಬಂದ ಗತಿ ತನಗೂ ಬಂದೀತೆಂಬ ಅಂಜಿಕೆ ಮಗನನ್ನು ಕಡೆಯವರೆಗೂ ಬಿಡಲಿಲ್ಲ. ಕುಡಿತವಂತೂ ಹದಿಹರೆಯದಲ್ಲೇ ಅಂಟಿಕೊಂಡಿತ್ತು. ಬ್ಯಾರಿಮೋರ್ ಕತೆಯನ್ನು ಕುಡಿತದಿಂದ ಕೆಟ್ಟ ಪ್ರತಿಭೆಯ ಕತೆಯೆಂದು ಹೇಳುವುದು ರೂಢಿ. ಆದರೆ ವ್ಯಸನವೇ ಮೊದಲು ಬಂದದ್ದು, ಸಾಧನೆ ಆಮೇಲಿನದು. ವ್ಯಸನದ ನಡುವೆಯೇ ಹತ್ತು ವರ್ಷ ಆ ಮನುಷ್ಯ ತನ್ನನ್ನು ತಾನು ಹಿಡಿದಿಟ್ಟುಕೊಂಡು ದುಡಿದದ್ದೇ ಈ ಕತೆಯಲ್ಲಿ ಬೆರಗಿನ ಸಂಗತಿ.

ನಟನಾಗುವುದು ಅವರ ಬಯಕೆಯೇ ಆಗಿರಲಿಲ್ಲ. ಲಂಡನ್ನಿನ ಸ್ಲೇಡ್ ಶಾಲೆಯಲ್ಲಿ ಚಿತ್ರಕಲೆ ಕಲಿತು, ನ್ಯೂಯಾರ್ಕಿನ ಪತ್ರಿಕೆಗೆ ಚಿತ್ರ ಬರೆದು, ಅದರಲ್ಲಿ ಹೊಟ್ಟೆ ತುಂಬದೆ 1903ರಲ್ಲಿ ರಂಗಕ್ಕೆ ಬಂದರು. ಮುಂದಿನ ಹನ್ನೆರಡು ವರ್ಷ ಲಘು ಹಾಸ್ಯ ನಾಟಕಗಳ ಸುಂದರಾಂಗನಾಗಿ ಕಳೆದವು. ಅವರಿಂದ ಹೆಚ್ಚಿನದು ಸಾಧ್ಯವೆಂದು ಮೊದಲು ಕಂಡವರು ನಾಟಕಕಾರ ಎಡ್ವರ್ಡ್ ಶೆಲ್ಡನ್. ಅವರ ಒತ್ತಾಸೆಯಿಂದ 1916ರಲ್ಲಿ ಗಾಲ್ಸ್‌ವರ್ದಿಯ ‘ಜಸ್ಟಿಸ್’ ನಾಟಕದಲ್ಲಿ ಚೆಕ್ ತಿದ್ದಿ ಜೈಲು ಸೇರುವ ಗುಮಾಸ್ತನ ಪಾತ್ರ ಒಪ್ಪಿಕೊಂಡರು. ಅದರಲ್ಲೊಂದು ದೃಶ್ಯಕ್ಕೆ ಮಾತೇ ಇಲ್ಲ. ಒಂಟಿ ಕೋಣೆಯಲ್ಲಿ ಕೂಡಿಹಾಕಿದ ಕೈದಿ ಸದ್ದಿಗೆ ಕಿವಿಗೊಡುತ್ತಾನೆ, ಅತ್ತಿಂದಿತ್ತ ಹೆಜ್ಜೆ ಹಾಕುತ್ತಾನೆ, ಕೊನೆಗೆ ತಡೆಯಲಾರದೆ ಬಾಗಿಲನ್ನು ಗುದ್ದತೊಡಗುತ್ತಾನೆ. ಅಂದವನ್ನು ಬದಿಗಿಟ್ಟು ಬರಿಯ ದೇಹದಿಂದ ಆಡಿದ ಈ ಮೌನದೊಂದಿಗೆ ಹೊಸ ಬ್ಯಾರಿಮೋರ್ ಮೈದಳೆದರು.

ನಂತರದ ಏರಿಕೆ ಅಣ್ಣ ಲಯೊನೆಲ್ ಜೊತೆಗಿನ ‘ಪೀಟರ್ ಇಬ್ಬೆಟ್ಸನ್’ (1917), ‘ದಿ ಜೆಸ್ಟ್’ (1919) ನಾಟಕಗಳನ್ನು ದಾಟಿ ಶೇಕ್ಸ್‌ಪಿಯರ್‌ಗೆ ಮುಟ್ಟಿತು. ನಿರ್ದೇಶಕ ಆರ್ಥರ್ ಹಾಪ್ಕಿನ್ಸ್, ರಂಗಸಜ್ಜಿಕೆಯ ರಾಬರ್ಟ್ ಎಡ್ಮಂಡ್ ಜೋನ್ಸ್ ಜೊತೆಗಾರರು. ಎಲ್ಲರಿಗಿಂತ ಹೆಚ್ಚು ಋಣ ಗಾಯಕಿ ಮಾರ್ಗರೆಟ್ ಕ್ಯಾರಿಂಗ್ಟನ್ ಅವರದು. ಮೂವತ್ತೆಂಟರ ಹೊಸ್ತಿಲಲ್ಲಿದ್ದ ಜನಪ್ರಿಯ ನಟ ಈಕೆಯ ಮುಂದೆ ವಿದ್ಯಾರ್ಥಿಯಂತೆ ಕೂತು ಉಸಿರಾಟ, ಸ್ವರಸ್ಥಾನ, ಉಚ್ಚಾರಗಳನ್ನು ಮೊದಲಿನಿಂದ ಕಲಿತರು. ಆಗಲೇ ಹಗಲು ‘ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್’ ಮೂಕಿಚಿತ್ರದ ಚಿತ್ರೀಕರಣ, ರಾತ್ರಿ ‘ದಿ ಜೆಸ್ಟ್’ ಪ್ರದರ್ಶನ. 1920ರ ಮಾರ್ಚಿನಲ್ಲಿ ‘ಮೂರನೆಯ ರಿಚರ್ಡ್’ ರಂಗಕ್ಕೇರಿ ಅಪಾರ ಮೆಚ್ಚುಗೆ ಪಡೆಯಿತು. ಕೆಲವೇ ವಾರಗಳಲ್ಲಿ ನಟ ಬಳಲಿ ಕುಸಿದರು, ನಾಟಕ ನಿಂತಿತು.

ಆ ಮೂಕಿಚಿತ್ರ ಇಂದಿಗೂ ನೋಡಲು ಸಿಗುತ್ತದೆ. ಜೆಕಿಲ್ ಮದ್ದು ಕುಡಿದು ಮೊದಲ ಸಲ ಹೈಡ್ ಆಗುವ ಕ್ಷಣದಲ್ಲಿ ಪ್ರಸಾಧನದ ನೆರವು ಇಲ್ಲವೆನ್ನುವಷ್ಟು ಕಡಿಮೆ. ಮೈ ಸೆಟೆಯುತ್ತದೆ, ಕೂದಲು ಮುಖಕ್ಕೆ ಬೀಳುತ್ತದೆ, ದವಡೆ ಓರೆಯಾಗಿ ಚಾಚುತ್ತದೆ. ತಲೆ ಎತ್ತಿದಾಗ ಅದೇ ಮುಖದಲ್ಲಿ ಬೇರೊಬ್ಬ ನಿಂತಿರುತ್ತಾನೆ. ಬೆರಳುಗಳ ಕೃತಕ ಜೋಡಣೆಯೆಲ್ಲ ಆಮೇಲಿನದು.

‘ಹ್ಯಾಮ್ಲೆಟ್’ ತೆರೆ ಎದ್ದದ್ದು 1922ರ ನವೆಂಬರ್ 16ರಂದು, ನ್ಯೂಯಾರ್ಕಿನ ಸ್ಯಾಮ್ ಹ್ಯಾರಿಸ್ ಥಿಯೇಟರಿನಲ್ಲಿ. ಜೋನ್ಸ್ ರೂಪಿಸಿದ ಸಜ್ಜಿಕೆಯಲ್ಲಿ ಎತ್ತರದ ಮೆಟ್ಟಿಲ ಸಾಲು, ಹಿಂದೆ ಕಮಾನು; ಪ್ರೇತವಾಗಿ ಬಂದದ್ದು ಬೆಳಕು ಮತ್ತು ದನಿ ಮಾತ್ರ. ಸಾಲುಗಳನ್ನು ರಾಗವಾಗಿ ಎಳೆದು ಒಪ್ಪಿಸುವ ಹಳೆಯ ಪದ್ಧತಿ ಬಿಟ್ಟು, ಆ ಗಳಿಗೆಯಲ್ಲೇ ಯೋಚನೆ ಹುಟ್ಟಿ ಮಾತಾಗುತ್ತಿದೆ ಎನ್ನುವಂತೆ ಬ್ಯಾರಿಮೋರ್ ನುಡಿದರು. ಹಿಂದಿನ ತಲೆಮಾರಿನ ನಟ ಎಡ್ವಿನ್ ಬೂತ್ 100 ಪ್ರದರ್ಶನಗಳಿಗೆ ನಿಲ್ಲಿಸಿದ್ದ ದಾಖಲೆಯನ್ನು 101ಕ್ಕೆ ಮುರಿದರು. 1925ರಲ್ಲಿ ಲಂಡನ್ನಿನ ಹೇಮಾರ್ಕೆಟ್ ಥಿಯೇಟರಿನಲ್ಲಿ ಇಂಗ್ಲಿಷರ ಮುಂದೆಯೇ ಇಂಗ್ಲಿಷರ ಕವಿಯನ್ನು ಆಡಿ ಗೆದ್ದರು. ಅಲ್ಲಿ ಪ್ರೇಕ್ಷಕರಾಗಿದ್ದ ಎಳೆಯರಲ್ಲಿ ಮುಂದೆ ದೊಡ್ಡ ನಟರಾದ ಲಾರೆನ್ಸ್ ಒಲಿವಿಯರ್, ಜಾನ್ ಗೀಲ್‌ಗುಡ್ ಇದ್ದರು.

ಅಷ್ಟು ಎತ್ತರದಲ್ಲಿದ್ದಾಗಲೇ ಅವರು ರಂಗಭೂಮಿ ಬಿಟ್ಟು ಹಾಲಿವುಡ್‌ಗೆ ಹೋದರು. ಒಂದೇ ಪಾತ್ರವನ್ನು ರಾತ್ರಿಯಿಂದ ರಾತ್ರಿಗೆ ಆಡುವ ಬೇಸರ, ಸಿನಿಮಾದ ಹಣ ಎರಡೂ ಕಾರಣ. ವಾರ್ನರ್ ಸಂಸ್ಥೆಯ ‘ಡಾನ್ ಹ್ವಾನ್’ (1926) ಮುದ್ರಿತ ಸಂಗೀತ ಮತ್ತು ಸದ್ದುಗಳನ್ನು ಚಿತ್ರಕ್ಕೆ ಹೊಂದಿಸಿದ ಮೊದಲ ಪೂರ್ಣಪ್ರಮಾಣದ ಚಿತ್ರ. ಪ್ರಚಾರಕರು ಅವರ ಪಕ್ಕನೋಟದ ಮುಖವನ್ನೇ ಮಾರಿದರು, ‘ಗ್ರೇಟ್ ಪ್ರೊಫೈಲ್’ ಎಂಬ ಬಿರುದು ಅಂಟಿತು. ಟಾಕಿಗಳು ಬಂದಾಗ ಅನೇಕ ಮೂಕಿನಟರು ಮೂಲೆಗೆ ಸರಿದರೆ, ಕ್ಯಾರಿಂಗ್ಟನ್ ಪಳಗಿಸಿದ ಕಂಠ ಬ್ಯಾರಿಮೋರ್ ಕೈಹಿಡಿಯಿತು. ‘ಸ್ವೆಂಗಾಲಿ’ (1931), ಗ್ರೇಟಾ ಗಾರ್ಬೋ ಜೊತೆಗಿನ ‘ಗ್ರ್ಯಾಂಡ್ ಹೋಟೆಲ್’ (1932) ಆ ಕಾಲದವು. ಲಯೊನೆಲ್ ಮತ್ತು ಎಥೆಲ್ ಆಸ್ಕರ್ ಗೆದ್ದರು. ತಮ್ಮನಿಗೆ ನಾಮನಿರ್ದೇಶನವೂ ದಕ್ಕಲಿಲ್ಲವೆಂಬುದು ಆ ಪ್ರಶಸ್ತಿಯ ಕೊರತೆಯೇ.

1933ರ ಹೊತ್ತಿಗೆ ನೆನಪು ಕೈಕೊಡತೊಡಗಿತ್ತು. ವಿಲಿಯಂ ವೈಲರ್ ನಿರ್ದೇಶನದ ‘ಕೌನ್ಸೆಲರ್ ಅಟ್ ಲಾ’ ಚಿತ್ರದ ಒಂದು ದೃಶ್ಯವನ್ನು 50ಕ್ಕೂ ಹೆಚ್ಚು ಸಲ ತೆಗೆದರೂ ಸಾಲು ಬಾಯಿಗೆ ಬರಲಿಲ್ಲ. ಮರುದಿನ ಬಂದು ಮೊದಲ ಯತ್ನಕ್ಕೇ ಒಪ್ಪಿಸಿದರು. ಬಡತನದ ಬಾಲ್ಯದಿಂದ ಮೇಲೆದ್ದು ಯಶಸ್ಸಿನಲ್ಲೂ ಕಾಲಡಿಯ ನೆಲ ನಂಬದ ವಕೀಲನ ಆ ಪಾತ್ರ, ಅವರ ಚಿತ್ರಗಳಲ್ಲೇ ಅತ್ಯಂತ ಸಂಯಮದ್ದು. ಅದರ ಬೆನ್ನಿಗೇ ಹೊವಾರ್ಡ್ ಹಾಕ್ಸ್ ಅವರ ‘ಟ್ವೆಂಟಿಯತ್ ಸೆಂಚುರಿ’ (1934) ಬಂತು. ಅದರಲ್ಲಿ ಅಬ್ಬರದ ನಾಟಕ ನಿರ್ಮಾಪಕನಾಗಿ ಇಡೀ ರಂಗಭೂಮಿಯ ಆಡಂಬರವನ್ನು ಮಿಂಚಿನ ವೇಗದಲ್ಲಿ ಆಡಿ ತೋರಿಸಿದರು.

ಆಮೇಲೆ ಕ್ಯಾಮೆರಾದ ಪಕ್ಕದಲ್ಲಿ ಮಾತು ಬರೆದ ಹಲಗೆ ಹಿಡಿಯುವುದು ಕಾಯಂ ಆಯಿತು. ನಾಲ್ಕು ಮದುವೆಗಳು ಮುರಿದವು, ಸಾಲ ಬೆಳೆಯಿತು. 1939ರಲ್ಲಿ ‘ಮೈ ಡಿಯರ್ ಚಿಲ್ಡ್ರನ್’ ಎಂಬ ಸಾಧಾರಣ ನಾಟಕದೊಂದಿಗೆ ರಂಗಕ್ಕೆ ಮರಳಿದಾಗ, ಬಹಳಷ್ಟು ಜನ ಟಿಕೆಟ್ ಕೊಂಡದ್ದು ಅವರು ತಡವರಿಸುವುದನ್ನು ನೋಡಲೆಂದೇ. ಆ ನಗುವಿನಲ್ಲಿ ಕ್ರೌರ್ಯವಿತ್ತು. ಹಾಗಿದ್ದೂ ಅದೇ ವರ್ಷದ ‘ಮಿಡ್‌ನೈಟ್’ ಚಿತ್ರದಲ್ಲಿ ಅವರ ಹಾಸ್ಯದ ಲಯ ಒಂದು ಕಡೆಯೂ ತಪ್ಪಿಲ್ಲ. 1942ರ ಮೇ ತಿಂಗಳಲ್ಲಿ ರೇಡಿಯೋ ಕಾರ್ಯಕ್ರಮದ ತಾಲೀಮಿನ ವೇಳೆ ಕುಸಿದುಬಿದ್ದು, ಮೇ 29ರಂದು 60ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರ ‘ಹ್ಯಾಮ್ಲೆಟ್’ ಪೂರ್ತಿಯಾಗಿ ಚಿತ್ರವಾಗಲಿಲ್ಲ. 1933ರಲ್ಲಿ ಬಣ್ಣದಲ್ಲಿ ತೆಗೆದ ಪರೀಕ್ಷಾ ದೃಶ್ಯದ ವೇಳೆ ಸಾಲುಗಳು ಮರೆತುಹೋಗಿ ಆ ಯೋಜನೆ ಬಿದ್ದುಹೋಯಿತು. ಶೇಕ್ಸ್‌ಪಿಯರ್ ನಟನಾಗಿ ಅವರನ್ನು ತಿಳಿಯಲು ಇಂದು ಉಳಿದಿರುವ ಒಳ್ಳೆಯ ಆಧಾರವೆಂದರೆ ‘ದಿ ಶೋ ಆಫ್ ಶೋಸ್’ (1929) ಚಿತ್ರದಲ್ಲಿ ಅವರು ‘ಆರನೆಯ ಹೆನ್ರಿ’ಯ ಮೂರನೆಯ ಭಾಗದಿಂದ ಆಡಿದ ರಿಚರ್ಡನ ಸ್ವಗತ, ‘ರೋಮಿಯೋ ಅಂಡ್ ಜೂಲಿಯೆಟ್’ (1936) ಚಿತ್ರದ ಮರ್ಕ್ಯೂಶಿಯೋ ಪಾತ್ರ, ಮತ್ತು 1937ರಲ್ಲಿ ಎನ್‌ಬಿಸಿ ಬಾನುಲಿಗೆ ಮಾಡಿದ ನಾಟಕಗಳ ಧ್ವನಿಮುದ್ರಣ. ಇವುಗಳಲ್ಲಿ ಮೊದಲನೆಯದು, ಕಂಠವೂ ನೆನಪೂ ಇನ್ನೂ ಒಟ್ಟಿಗಿದ್ದ ಕಾಲದ್ದಾದ್ದರಿಂದ, ಎಲ್ಲಕ್ಕಿಂತ ಬೆಲೆಯುಳ್ಳದ್ದು.