ಹಿಮವನ್ನು ಕಾಣದ ಕರಾವಳಿ



ಮುರ್ಡೇಶ್ವರದ ಕಂದುಕಗಿರಿಯನ್ನು ಮೂರು ಕಡೆಗಳಲ್ಲಿ ಅರಬ್ಬೀ ಸಮುದ್ರವು ಬಳಸಿರುವುದು. ಅಲ್ಲಿ 123 ಅಡಿ ಎತ್ತರದ ಶಿವಮೂರ್ತಿಯಿದೆ. ಕೈಲಾಸದ ಒಡೆಯನು ಹಿಮವೆಂಬುದನ್ನೇ ಅರಿಯದ ಊರಿನಲ್ಲಿ ನೆಲಸಿದ್ದಾನೆ. ಇಲ್ಲಿ ಹಿಮವೇಕೆ ಬೀಳುವುದಿಲ್ಲ?

ಊರು ಸಮಭಾಜಕವೃತ್ತದಿಂದ ಉತ್ತರಕ್ಕೆ ಕೇವಲ 14 ಡಿಗ್ರಿಗಳ ದೂರದಲ್ಲಿರುವುದರಿಂದ ಸೂರ್ಯಕಿರಣಗಳು ಎಂದೂ ಬಹಳ ಓರೆಯಾಗವು. ಅಲ್ಲದೆ, ಸಮುದ್ರವು ತಾನು ಹೀರಿದ ಶಾಖವನ್ನು ಬೇಗನೆ ಬಿಟ್ಟುಕೊಡದೆ ಮಾಗಿಯ ರಾತ್ರಿಗಳನ್ನೂ ಬೆಚ್ಚಗಿರಿಸುತ್ತದೆ.

ಆದರೆ ಮುರ್ಡೇಶ್ವರದ ಆಕಾಶದಲ್ಲಿಯೂ ಹಿಮವಿಲ್ಲವೆನ್ನಲಾಗದು. ಮೇಲೇರಿದಂತೆಲ್ಲ ಗಾಳಿಯು ತಣ್ಣಗಾಗುವುದು. ಮಳೆಗಾಲದಲ್ಲಿ ಸುಮಾರು 16,000 ಅಡಿಗಳನ್ನು ಮೀರಿ ಬೆಳೆದ ಮೋಡಗಳಲ್ಲಿ ಹಿಮದ ಹರಳುಗಳು ಹುಟ್ಟುತ್ತವೆ; ಕೆಳಗಿಳಿಯುವಾಗ ಕರಗಿ ಹನಿಗಳಾಗುತ್ತವೆ. ಭಟ್ಕಳ, ಹೊನ್ನಾವರಗಳ ಗದ್ದೆಗಳನ್ನು ತೋಯಿಸುವ ಮಳೆಯಲ್ಲಿ ಒಂದು ಪಾಲು ದಾರಿಯಲ್ಲಿ ಕರಗಿದ ಹಿಮವೇ ಸರಿ.

ನೆಲವೇ ಅಷ್ಟೆತ್ತರಕ್ಕೆ ಏರಿದರೆ ಹಿಮವು ಕರಗದೆ ನಿಲ್ಲಬಹುದು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯು ಸುಮಾರು 6,300 ಅಡಿ ಮಾತ್ರ. ಆಫ್ರಿಕಾದ ಕಿಲಿಮಾಂಜಾರೋ ಪರ್ವತವು ಸಮಭಾಜಕವೃತ್ತಕ್ಕೆ ಇನ್ನೂ ಸಮೀಪವಿದ್ದರೂ, 19,340 ಅಡಿ ಎತ್ತರವಿರುವುದರಿಂದ ಹಿಮವನ್ನು ಧರಿಸಿದೆ. ಆದರೆ 1912ರಿಂದೀಚೆಗೆ ಆ ಹಿಮದ ಬಹುಪಾಲು ಕರಗಿಹೋಗಿದೆ.

ಇದು ಪರದೇಶದ ಸುದ್ದಿಯೆಂದು ನಾವು ಸುಮ್ಮನಿರುವಂತಿಲ್ಲ. ಭೂಮಿಯ ತಾಪವೇರಿದಂತೆ ಹಿಮಾಲಯ, ಗ್ರೀನ್‌ಲೆಂಡ್‌ಗಳ ಹಿಮರಾಶಿಯು ಕರಗಿ ಕಡಲನ್ನು ಸೇರುತ್ತಿದೆ. ಕಾದ ಕಡಲೂ ಹಿಗ್ಗುತ್ತಿದೆ. ಹೀಗೆ ನೀರಿನ ಮಟ್ಟವು ಏರುತ್ತಿದೆ. ಮುರ್ಡೇಶ್ವರದ ಮೀನುಗಾರನು ಹಿಮವನ್ನು ಕಣ್ಣಾರೆ ಕಂಡವನಲ್ಲ. ಆದರೂ ಅವನು ದೋಣಿಯನ್ನೆಳೆದು ನಿಲ್ಲಿಸುವ ಮರಳದಂಡೆಯ ಉಳಿವು ಆ ದೂರದ ಹಿಮದ ಉಳಿವನ್ನೂ ಅವಲಂಬಿಸಿದೆ.