ಭಾಷೆ ಹಲವು, ಲೆಕ್ಕ ಒಂದೇ



ಊರಿಗೆ ಬಂದಾಗಲೆಲ್ಲ ‘ಕಂಪ್ಯೂಟರ್ ಮುಂದೆ ಕೂತು ಏನು ಮಾಡ್ತೀಯಪ್ಪಾ?’ ಎಂದು ಕೇಳುತ್ತೀರಿ. ಒಂದು ಉದಾಹರಣೆ ಹೇಳುತ್ತೇನೆ.

ಮೊಬೈಲಿನಲ್ಲಿ ಬಸ್ ಟಿಕೆಟ್ ಮಾಡಿಸುತ್ತೀರಿ. ಸೀಟು ಹಿಡಿಯುವುದು, ಹಣ ಪಡೆಯುವುದು, ಟಿಕೆಟ್ ಕಳಿಸುವುದು, ರದ್ದಾದರೆ ಹಣ ಮರಳಿಸುವುದು ಹೀಗೆ ಅದರಲ್ಲಿ ಹಲವು ಹಂತಗಳು. ನಾನಿದ್ದ ಕಚೇರಿಯಲ್ಲಿ ಕೆಲವನ್ನು ಜಾವಾ, ಕೆಲವನ್ನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬೇರೆ ಬೇರೆ ತಂಡಗಳು ಬರೆದಿದ್ದವು. ನಡುವೆ ಒಂದು ಸರ್ವರ್ ನಿಂತರೆ ಹಣ ಹೋಗುತ್ತಿತ್ತು, ಟಿಕೆಟ್ ಬರುತ್ತಿರಲಿಲ್ಲ. ಎಲ್ಲವನ್ನೂ ಒಂದೇ ಭಾಷೆಯಲ್ಲಿ ಹೊಸದಾಗಿ ಬರೆಯೋಣ ಎಂದು ವಾದಿಸಿದವನು ನಾನೇ.

ಹಿರಿಯರು ಒಪ್ಪಲಿಲ್ಲ. ಬದಲಿಗೆ ಟೆಂಪೊರಲ್ ಎಂಬ ವರ್ಕ್‌ಫ್ಲೋ ಚೌಕಟ್ಟನ್ನು ತಂದರು. ಉಬರ್‌ನಲ್ಲಿ ಕೇಡೆನ್ಸ್ ರೂಪಿಸಿದ್ದ ಮ್ಯಾಕ್ಸಿಮ್ ಫತೇವ್ ಮತ್ತು ಸಮರ್ ಅಬ್ಬಾಸ್ 2019ರಲ್ಲಿ ಇದನ್ನು ಆರಂಭಿಸಿದರು. ನಮ್ಮ ಮೇಷ್ಟ್ರುಗಳ ಪಾಠದ ದಿನಚರಿಯನ್ನು ನೆನೆಸಿಕೊಳ್ಳಿ. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಅದನ್ನು ನೋಡಿ ಪಾಠ ಮುಂದುವರಿಸುತ್ತಾರೆ. ಇಲ್ಲಿಯೂ ಮುಗಿದ ಪ್ರತಿ ಹಂತ ದಾಖಲಾಗುತ್ತದೆ. ಒಂದು ಸರ್ವರ್ ನಿಂತರೆ ಇನ್ನೊಂದು ಆ ದಾಖಲೆ ಓದಿ ಉಳಿದ ಕೆಲಸ ಮುಗಿಸುತ್ತದೆ. ಜಾವಾದಲ್ಲಿ ಬರೆದ ಪ್ರೋಗ್ರಾಮ್, ಪೈಥಾನ್‌ನಲ್ಲಿ ಬರೆದ ಹಂತವನ್ನೂ ಮಾಡಿಸಿಕೊಳ್ಳಬಹುದು. ಯಾರೂ ತಮ್ಮ ಭಾಷೆ ಬಿಡಬೇಕಿಲ್ಲ.

ಅಷ್ಟಕ್ಕೇ ಎಲ್ಲ ಸರಿಹೋಗಲಿಲ್ಲ. ಉತ್ತರ ಬಾರದ ಹಂತವನ್ನು ಚೌಕಟ್ಟು ಮತ್ತೆ ಮಾಡಿಸುತ್ತದೆ. ಪ್ರತಿ ಪಾವತಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು ನೋಡಿಕೊಳ್ಳದಿದ್ದರೆ ಹಣ ಎರಡು ಸಲ ಕಡಿತವಾದೀತು. ಅದನ್ನು ನೋಡಿಕೊಂಡೆವು. ಆದರೆ ಪರೀಕ್ಷೆ ಮಾಡುವಾಗ 500 ರೂಪಾಯಿ ಮರಳಬೇಕಾದ ಕಡೆ 5 ರೂಪಾಯಿ ಬಂತು. ಜಾವಾ ತಂಡ ರೂಪಾಯಿಯಲ್ಲಿ ಕಳಿಸಿದ ಅಂಕಿಯನ್ನು, ಪೈಥಾನ್ ಬರೆಯುತ್ತಿದ್ದ ನಾನು ಪೈಸೆಯೆಂದು ಓದಿದ್ದೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವುದು ಬರೀ ಅಂಕಿ. ಅದರ ಅರ್ಥವನ್ನು ಇಬ್ಬರೂ ಮೊದಲೇ ಕೂತು ಒಪ್ಪಿಕೊಳ್ಳಬೇಕು.

ಆಗ ನೆನಪಾದವರು ಇದೇ ಶಾಲೆಯ ನಮ್ಮ ಲೆಕ್ಕದ ಮೇಷ್ಟ್ರು. ಉತ್ತರದ ಮುಂದೆ ರೂಪಾಯಿಯೋ ಪೈಸೆಯೋ ಬರೆಯದಿದ್ದರೆ ಅರ್ಧ ಅಂಕ ಕಳೆಯುತ್ತಿದ್ದರು.

ಬಿ.ಇ. ಮೊದಲ ವರ್ಷ ಇಂಗ್ಲಿಷ್ ಪಾಠ ತಲೆಗೆ ಹತ್ತದೆ, ಕನ್ನಡ ಮಾಧ್ಯಮದಲ್ಲಿ ಓದಿದ್ದೇ ತಪ್ಪೆಂದು ಕೊರಗಿದ್ದೆ. ಆದರೆ ಕಚೇರಿಯಲ್ಲಿ ನಾನು ಮರೆತದ್ದು ಇಂಗ್ಲಿಷನ್ನಲ್ಲ, ಇಲ್ಲಿ ಕನ್ನಡದಲ್ಲಿ ಕಲಿತ ಪಾಠವನ್ನು. ಮಕ್ಕಳೇ, ಹೊಸ ಭಾಷೆಗಳನ್ನು ಧೈರ್ಯವಾಗಿ ಕಲಿಯಿರಿ. ಅದಕ್ಕಾಗಿ ಇರುವ ಭಾಷೆಯನ್ನು ಬಿಡಬೇಕಿಲ್ಲ.

ಆ ಅರ್ಧ ಅಂಕಕ್ಕೆ ನಾನು ಇಂದಿಗೂ ಋಣಿ.