ಮನೆಯ ಹಿರಿಯರು ಬೀಳದಂತೆ ಕಾಯೋಣ



ಕುಟುಂಬ ಕಲ್ಯಾಣವೆಂದರೆ ತಾಯಿ-ಮಕ್ಕಳ ಆರೋಗ್ಯವೊಂದೇ ಅಲ್ಲ. ಮನೆಯ ಹಿರಿಯರ ಕ್ಷೇಮವೂ ಅದರಲ್ಲಿ ಅಡಕವಾಗಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಹಳ್ಳಿಗಳಲ್ಲಿ ಕೈ ನಡುಗುವ, ಕಾಲೆಳೆದು ನಡೆಯುವ ಹಿರಿಯರನ್ನು ಕಂಡು “ವಯಸ್ಸಾಯಿತು, ಇನ್ನೇನು” ಎಂದು ಸುಮ್ಮನಾಗುವುದುಂಟು. ಆದರೆ ಅದು ಬರಿಯ ಮುಪ್ಪಾಗಿರದೆ ಪಾರ್ಕಿನ್ಸನ್ ರೋಗ, ಅಂದರೆ ಕಂಪವಾತ, ಆಗಿರಬಹುದು. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು ವಿವರಿಸಿ ಬರೆದುದರಿಂದ ಈ ಹೆಸರು ಬಂದಿದೆ. ಮಿದುಳಿನಲ್ಲಿ ಡೋಪಮಿನ್ ಎಂಬ ದ್ರವ್ಯವನ್ನು ತಯಾರಿಸುವ ಜೀವಕೋಶಗಳು ನಶಿಸುವುದರಿಂದ ಇದು ತಲೆದೋರುತ್ತದೆ. ಇದು ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ.

ಈ ರೋಗದಲ್ಲಿ ನಡುಕಕ್ಕಿಂತ ಹೆಚ್ಚಿನ ಅಪಾಯ ಬೀಳುವುದರಿಂದ. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವರ್ಷದಲ್ಲಿ ಒಮ್ಮೆಯಾದರೂ ಬೀಳುತ್ತಾರೆ. ಮಗ-ಸೊಸೆ ಹತ್ತಿ ಬಿಡಿಸಲು ಹೊಲಕ್ಕೆ ಹೋದ ವೇಳೆ ಹೊಸ್ತಿಲು ಎಡವಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಹಿರಿಯರೊಬ್ಬರಿಗೆ ನಾನು ಚಿಕಿತ್ಸೆ ಮಾಡಿದ್ದೇನೆ. ಅವರು ಮತ್ತೆ ಮನೆಯ ಮುಂದಿನ ಕಟ್ಟೆಗೆ ಬಂದು ಕುಳಿತುಕೊಳ್ಳಲಿಲ್ಲ. ಲೆವೊಡೋಪಾ ಮಾತ್ರೆಯಿಂದ ಮೈಬಿಗಿತ ತಗ್ಗುತ್ತದೆ. ಆದರೆ ದೇಹದ ಸಮತೋಲ ಮಾತ್ರೆಯೊಂದರಿಂದಲೇ ಮರಳದು. ಅದಕ್ಕೆ ನಿತ್ಯದ ಅಭ್ಯಾಸ ಬೇಕು.

ವೈದ್ಯರ ಸಲಹೆ ಪಡೆದು, ಮಾತ್ರೆಯ ಗುಣ ತೋರಿರುವ ಹೊತ್ತಿನಲ್ಲಿ ಈ ಅಭ್ಯಾಸಗಳನ್ನು ಮಾಡಿಸಿರಿ. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಿಂದ ನಿಧಾನವಾಗಿ 10 ಸಲ ಎದ್ದು ಕೂಡಲಿ. ಪಡಸಾಲೆಯ ಕಂಬ ಹಿಡಿದು ನಿಂತು, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಲಿ. ನೆಲದ ಮೇಲೆ ಹೆಜ್ಜೆಗೊಂದರಂತೆ ಸುಣ್ಣದ ಗೆರೆ ಎಳೆದು, ಅವುಗಳನ್ನು ದಾಟುತ್ತ ದೊಡ್ಡ ಹೆಜ್ಜೆಯಿಡಲಿ. ಭಜನೆಯ ತಾಳ ಹಾಕಿದರೆ ಹೆಜ್ಜೆ ಇನ್ನೂ ಸರಾಗವಾಗುತ್ತದೆ. ತಿರುಗುವಾಗ ನಿಂತಲ್ಲೇ ಗಿರ್ರನೆ ತಿರುಗದೆ, ಗಾಣದೆತ್ತಿನಂತೆ ಸುತ್ತುಬಳಸಿ ಬರಲಿ.

ನಡೆಯುವಾಗ ಕಾಲು ನೆಲಕ್ಕೆ ಅಂಟಿದಂತೆ ತಟಸ್ಥವಾದರೆ ಕೈ ಹಿಡಿದು ಜಗ್ಗಬೇಡಿರಿ. ಅವರು ನಿಂತು, ಉಸಿರೆಳೆದು, ಮೈಭಾರ ಪಕ್ಕಕ್ಕೆ ಸರಿಸಿ, “ಒಂದು, ಎರಡು” ಎಂದೆಣಿಸಿ ಹೆಜ್ಜೆ ಎತ್ತಲಿ. ನೀವು ಅವರ ಪಕ್ಕದಲ್ಲಿ, ಸ್ವಲ್ಪ ಹಿಂದೆ ನಿಂತಿರಿ. ನಡೆಯುವಾಗ ಮಾತನಾಡಿಸಬೇಡಿರಿ, ಕೈಯಲ್ಲಿ ತಂಬಿಗೆಯನ್ನೂ ಕೊಡಬೇಡಿರಿ.

ಮನೆಯನ್ನೂ ಅಣಿಗೊಳಿಸಿರಿ. ಹೊಸ್ತಿಲಿಗೆ ಬಿಳಿ ಬಣ್ಣ ಬಳಿಯಿರಿ. ಬಚ್ಚಲಿನ ನೆಲ ಒಣಗಿರಲಿ, ಗೋಡೆಗೆ ಹಿಡಿಕೆಯಿರಲಿ. ದಾರಿಯಲ್ಲಿ ಜೋಳದ ಚೀಲ, ಹಗ್ಗ ಬಿದ್ದಿರಬಾರದು. ರಾತ್ರಿ ದೀಪವಿರಲಿ. ಹಾಸಿಗೆಯಿಂದ ಏಳುವಾಗ ಸ್ವಲ್ಪ ಹೊತ್ತು ಕುಳಿತು, ಅನಂತರ ನಿಲ್ಲಲಿ. ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ತಿರುಗಬಹುದು.

ನಸಗುನ್ನಿ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ. ಆದರೆ ಅದರ ಪ್ರಮಾಣ ಬೀಜದಿಂದ ಬೀಜಕ್ಕೆ ಬೇರೆಯಾಗುವುದರಿಂದ ಅದನ್ನು ತಾವಾಗಿ ಅರೆದು ಕುಡಿಸಬಾರದು. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದೂ ಅಪಾಯಕರ.

ದಂಪತಿಗಳೇ, ಈ ಭಾರವನ್ನು ಸೊಸೆಯೊಬ್ಬಳ ಮೇಲೆ ಹೊರಿಸಬೇಡಿರಿ. ಬೆಳಿಗ್ಗೆ ಮಗ, ಸಂಜೆ ಸೊಸೆ ಎಂದು ಹಂಚಿಕೊಳ್ಳಿರಿ. ದಿನಕ್ಕೆ ಅರ್ಧ ಗಂಟೆ ಸಾಕು. ಸಂಶಯವಿದ್ದರೆ ಹತ್ತಿರದ ಸರಕಾರಿ ಆಸ್ಪತ್ರೆಗೆ ಇಂದೇ ಕರೆತನ್ನಿರಿ. ನಮಗೆ ನಡಿಗೆ ಕಲಿಸಿದವರು ಅವರು. ಅವರ ನಡಿಗೆಯನ್ನು ಉಳಿಸುವುದು ಈಗ ನಮ್ಮ ಪಾಳಿ.